ಎಫ್ ಬಟನ್ನಿನ ಕಿಮ್ಮತ್ತು

ಗೋಕಾಕದ ಪೇಟೆಯ ಒಂದು ಸಂದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಅಂದು ಸಂತೆಯ ದಿನ. ಹುಕ್ಕೇರಿಯಿಂದ ಬಂದ ಹೆಣ್ಣುಮಗಳೊಬ್ಬರು ಕಾಯಿಪಲ್ಲೆಯ ಚೀಲದಿಂದ ಕೀಬೋರ್ಡ್ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟರು. ಇಪ್ಪತ್ತು ವರ್ಷದಿಂದ ಖರೀದಿ ಪತ್ರ, ಬಾಡಿಗೆ ಕರಾರು, ಸಾಲದ ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡಿ ಸಂಸಾರ ನಡೆಸುತ್ತಿರುವವರು ಅವರು. ಅರವತ್ತರ ಸಮೀಪದ ರಿಪೇರಿಯವರು ಕೀಬೋರ್ಡನ್ನು ಬೋರಲು ಹಾಕಿ ಎರಡು ಸಲ ತಟ್ಟಿದರು. ಚುರಮುರಿ ಪುಡಿ, ಒಂದು ಸ್ಟೇಪ್ಲರ್ ಪಿನ್ನು, ನಾಲ್ಕು ಕೂದಲು, ಕಪ್ಪನೆಯ ಸಣ್ಣ ಧೂಳು ಉದುರಿದವು.

"ಅಕ್ಕಾರ, ಇದು ಹೋದ ದಸರಾಕ್ಕ ಒಯ್ದದ್ದಲ್ರಿ?"

"ಹೌದ್ರಿ ಕಾಕಾ. ಇನ್ನೂ ವರ್ಷ ತುಂಬಿಲ್ಲ. ನಾಕು ಬಟನ್ ಒಮ್ಮಿಗೇ ಬಂದ್ ಆಗ್ಯಾವ. ಮೊನ್ನಿ ಒಬ್ಬರ ಖರೀದಿ ಪತ್ರ ಅರ್ಧಕ್ಕ ನಿಂತಿತು. ಬಾಜೂ ಅಂಗಡಿಯವರ ಕೀಬೋರ್ಡ್ ಇಸಗೊಂಡು ಮುಗಿಸೀನಿ. ಮೂರು ವರ್ಷದಾಗ ಇದು ನಾಕನೇದ್ದು. ರಿಪೇರಿ ಆಗತೈತೋ ಇಲ್ಲೋ, ಅಷ್ಟ ಹೇಳ್ರಿ."

ರಿಪೇರಿಯವರು ಮಾತಾಡಲಿಲ್ಲ. ಹಿಂಬದಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಕೀಬೋರ್ಡನ್ನು ಎರಡು ಹೋಳು ಮಾಡಿ ಅವರ ಮುಂದೆ ಹಿಡಿದರು. ಒಳಗಿದ್ದದ್ದು ಮೂರು ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ ಮತ್ತು ಕೆಳಗಿನ ಹಾಳೆಯ ಮೇಲೆ ಬೆಳ್ಳಿ ಬಣ್ಣದ ಶಾಯಿಯ ಗೆರೆಗಳು. ನಡುವಿನ ಹಾಳೆಗೆ ಬರೀ ತೂತುಗಳು. ಇವುಗಳ ಮೇಲೆ ರಬ್ಬರಿನ ಪುಟ್ಟ ಪುಟ್ಟ ಗುಮ್ಮಟ. ಬಟನ್ ಒತ್ತಿದರೆ ಗುಮ್ಮಟ ಕುಸಿದು ಮೇಲಿನ ಗೆರೆ ತೂತಿನ ಮೂಲಕ ಕೆಳಗಿನ ಗೆರೆಗೆ ತಾಗುತ್ತದೆ, ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಅಗ್ಗದ ಕೀಬೋರ್ಡ್ ಎಂದರೆ ಇಷ್ಟೇ.

"ಒಂದೊಂದು ಬಟನ್ನಿಗೆ ಒಂದೊಂದು ತಂತಿ ಇರಂಗಿಲ್ರಿ," ಎಂದರು ರಿಪೇರಿಯವರು. "ಹೊಲದಾಗ ನೀರು ಬಿಡೋ ಕಾಲುವಿ ಇದ್ದಂಗ, ಒಂದ ಗೆರಿಯಿಂದ ಹತ್ತು ಬಟನ್ ಉಣ್ಣತಾವ. ಇಲ್ಲಿ ನೋಡ್ರಿ, ಗೆರಿ ಕಪ್ಪಾಗೈತಿ. ಚಾ ಚೆಲ್ಲಿದ್ರ್ಯಾ?"

"ನಾ ಅಲ್ರಿ, ಖರೀದಿಗೆ ಬಂದವರು. ಒಂದೀಟ."

"ಒಂದೀಟ ಸಾಕ. ಹಾಳಿ ನಡುವ ಹೊಕ್ಕದ್ದು ಆರೂದ ಇಲ್ಲ. ಸಕ್ಕರಿ ನೀರು ಶಾಯಿ ತಿಂತೈತಿ. ಗೆರಿ ಹರೀತಂದ್ರ ಆ ಗೆರಿ ಮ್ಯಾಲಿನ ಬಟನ್ ಎಲ್ಲಾ ಒಮ್ಮಿಗೇ ಹೋಗತಾವ."

"ಆ ಗೆರಿ ಜೋಡಸಾಕ ಬರಂಗಿಲ್ಲೇನ್ರಿ?"

"ಬರತೈತಿ. ಅದಕ್ಕಂತ ಒಂದು ಪೇಂಟ್ ಐತಿ. ತಾಸಗಟ್ಲೆ ಕುಂತು ಹಚ್ಚಬೇಕು. ಮೂರು ತಿಂಗಳಿಗೆ ಮತ್ತ ಹೋಗತೈತಿ. ನಾನೂರೈವತ್ತು ರೂಪಾಯಿ ಮಾಲಿಗೆ ಇನ್ನೂರು ರೂಪಾಯಿ ಕೂಲಿ ಇಸಗೊಳ್ಳಾಕ ನನಗ ಮನಸ್ಸಾಗಂಗಿಲ್ಲ."

ಕೌಂಟರಿನ ಮೇಲೆ ಬಿದ್ದಿದ್ದ ಮೇಲ್ಭಾಗವನ್ನು ಗಮನಿಸಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಇಂಗ್ಲಿಷ್ ಟೈಪ್ ಮಾಡುವವರ ಕೀಬೋರ್ಡಿನಲ್ಲಿ ಇ, ಎ, ಟಿ ಬಟನ್ನುಗಳು ಬೇಗ ಸವೆಯುತ್ತವೆ. ಈ ಕೀಬೋರ್ಡಿನಲ್ಲಿ ಇ ಇನ್ನೂ ಚೆನ್ನಾಗಿಯೇ ಇತ್ತು. ಅಳಿಸಿ ಹೋಗಿ ಕನ್ನಡಿಯಂತೆ ಹೊಳೆಯುತ್ತಿದ್ದದ್ದು ಎಫ್. ಅದರ ಹಿಂದೆಯೇ ಎಡಗಡೆಯ ಶಿಫ್ಟ್.

ಕಾರಣ ಕನ್ನಡದಲ್ಲಿಯೇ ಇದೆ. ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ಸರ್ಕಾರ ಒಪ್ಪಿಕೊಂಡ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮಾಡುವ ಕೊಂಡಿ ಎಫ್. 'ಕರ್ನಾಟಕ' ಎಂದು ಬರೆಯಲು ಕೆ, ಆರ್, ಎಫ್, ಎನ್, ಶಿಫ್ಟ್ ಹಿಡಿದು ಎ, ಕ್ಯೂ, ಕೆ ಒತ್ತಬೇಕು. 'ಪತ್ರ'ಕ್ಕೂ ಎಫ್ ಬೇಕು, 'ಹುಕ್ಕೇರಿ'ಗೂ ಬೇಕು, 'ಸರ್ವೆ ನಂಬರ್' ಎಂದರೆ ಎರಡು ಸಲ ಬೇಕು. ದೀರ್ಘ ಬಂದಲ್ಲೆಲ್ಲ ಶಿಫ್ಟ್. ಕೇವಲ 26 ಅಕ್ಷರಗಳ ಕೀಲಿಗಳಲ್ಲಿ ಕನ್ನಡದ ಇಡೀ ವರ್ಣಮಾಲೆಯನ್ನು ಕೂರಿಸಿದ ಜಾಣ ವಿನ್ಯಾಸ ಅದು. ಅಷ್ಟೆಲ್ಲ ಒತ್ತಕ್ಷರಗಳ ಭಾರವನ್ನು ಎಡಗೈಯ ತೋರುಬೆರಳು ಮತ್ತು ಅದರ ಕೆಳಗಿನ ಒಂದೇ ಬಟನ್ ಹೊರುತ್ತವೆ. ಕನ್ನಡದವರಿಗೆ ಒಳ್ಳೆಯ ಕೀಬೋರ್ಡ್ ಯಾವುದು ಎಂದು ಕೇಳುವವರು ಮೊದಲು ಆ ಎಫ್ ಬಟನ್ನಿನ ಗತಿ ಏನು ಎಂದು ಕೇಳಬೇಕು.

ಅಷ್ಟರಲ್ಲಿ ಟೈಪ್-ಸಿ ಕೇಬಲ್ ಕೇಳಿಕೊಂಡು ಮೂಡಲಗಿಯ ತರುಣನೊಬ್ಬ ಬಂದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ತಿಂಗಳಲ್ಲಿ ಕೆಲವು ದಿನ ಊರಿನ ಮನೆಯಿಂದಲೇ ಮಾಡುವವನು. ಕೇಬಲ್ ಸರಿಹೊಂದುತ್ತದೆಯೇ ನೋಡಲು ಬ್ಯಾಗಿನಿಂದ ತನ್ನ ಕೀಬೋರ್ಡ್ ಹೊರತೆಗೆದ. ಕೌಂಟರಿನ ಮೇಲೆ ಇಟ್ಟಾಗ ಗಾಜು ದಡ್ಡೆಂದಿತು.

"ಏನ್ ವಜ್ಜಿ ಐತಪಾ ಇದು! ಎಷ್ಟು ಕೊಟ್ಟಿ ತಮ್ಮಾ?"

"ಹನ್ನೊಂದು ಸಾವಿರ ಅಕ್ಕಾರ."

ಮುಟ್ಟಿ ನೋಡಲು ಚಾಚಿದ್ದ ಕೈಯನ್ನು ಅವರು ಹಿಂದಕ್ಕೆ ಎಳೆದುಕೊಂಡರು. "ಹನ್ನೊಂದು ಸಾವಿರಕ್ಕ ಒಂದು ಹಳೇ ಕಂಪ್ಯೂಟರ ಬರತೈತಲ್ಲೋ!"

"ಒತ್ತಿ ನೋಡ್ರಿ, ಏನೂ ಆಗಂಗಿಲ್ಲ."

ಅವರು ಎಫ್ ಬಟನ್ನಿನ ಮೇಲೆ ಬೆರಳಿಟ್ಟರು. ಬಟನ್ ತಳ ಮುಟ್ಟುವ ಮೊದಲೇ, ಅರ್ಧ ದಾರಿಯಲ್ಲಿ ಬೆರಳಿಗೆ ಸಣ್ಣ ತಡೆಯೊಂದು ಸಿಕ್ಕಿ ಬಿಟ್ಟುಕೊಂಡಿತು. ಮತ್ತೊಮ್ಮೆ ಒತ್ತಿದರು. ಆಮೇಲೆ ಎರಡೂ ಕೈ ಇಟ್ಟು, ಕಂಪ್ಯೂಟರಿಗೆ ಜೋಡಿಸದ ಆ ಕೀಬೋರ್ಡಿನ ಮೇಲೆಯೇ ಒಂದು ಪೂರ್ತಿ ಸಾಲು ಟೈಪ್ ಮಾಡಿದರು. ಯಾವ ಸಾಲು ಎಂದು ಕೇಳುವ ಅಗತ್ಯವಿರಲಿಲ್ಲ. ಖರೀದಿ ಪತ್ರದ ಮೊದಲ ಸಾಲು ಅವರ ಬೆರಳಿಗೆ ಬಾಯಿಪಾಠ.

"ಬೆರಳಿಗೆ ಜಗ್ಗೋದಿಲ್ಲ ಇದು," ಎಂದರು ಮೆಲ್ಲಗೆ. "ನನ್ನ ಕೀಬೋರ್ಡು ತಳಕ್ಕ ಗುದ್ದಬೇಕು. ಸಂಜೀಮುಂದ ಕಿರುಬೆರಳು ಸೆಟದು ನಿಂತಿರತೈತಿ."

ತರುಣನದು ಮೆಕ್ಯಾನಿಕಲ್ ಕೀಬೋರ್ಡ್. ಇದರಲ್ಲಿ ಹಾಳೆ ಇಲ್ಲ. ಪ್ರತಿ ಬಟನ್ನಿನ ಕೆಳಗೆ ಅದರದೇ ಆದ ಪುಟ್ಟ ಸ್ವಿಚ್, ಸ್ವಿಚ್ಚಿನೊಳಗೆ ಒಂದು ಸ್ಪ್ರಿಂಗ್ ಮತ್ತು ಲೋಹದ ಎರಡು ಎಲೆ. ಬಟನ್ ಸುಮಾರು 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2 ಮಿಲಿಮೀಟರಿನ ಹೊತ್ತಿಗೇ ಅಕ್ಷರ ಬಿದ್ದಿರುತ್ತದೆ. ತಳಕ್ಕೆ ಗುದ್ದುವ ಪ್ರಮೇಯವಿಲ್ಲ. ಕೆಂಪು ಸ್ವಿಚ್ ಸಲೀಸಾಗಿ ಇಳಿಯುತ್ತದೆ, ಕಂದು ಸ್ವಿಚ್ ಬೆರಳಿಗೆ ಸಣ್ಣ ತಡೆ ಕೊಡುತ್ತದೆ, ನೀಲಿ ಸ್ವಿಚ್ ಕಿವಿಗೂ ಕೇಳುವಂತೆ ಟಿಕ್ ಎನ್ನುತ್ತದೆ. ಟೈಪಿಂಗ್ ಕ್ಲಾಸಿನಲ್ಲಿ ರೆಮಿಂಗ್ಟನ್, ಗೋದ್ರೇಜ್ ಯಂತ್ರ ಬಡಿದು ಕಲಿತವರಿಗೆ ಈ ನೀಲಿ ಸ್ವಿಚ್ಚಿನ ಸದ್ದು ತವರಿನ ಸದ್ದು.

"ಆದ್ರ ಹನ್ನೊಂದು ಸಾವಿರ ಯಾಕ?" ಅವರ ಪ್ರಶ್ನೆ ಅಲ್ಲೇ ನಿಂತಿತ್ತು.

ತರುಣ ಬೆರಳು ಮಡಚಿ ಹೇಳತೊಡಗಿದ. ಮೈ ಅಲ್ಯುಮಿನಿಯಮ್ಮಿನದು. ಬಟನ್ನಿನ ಟೊಪ್ಪಿಗೆ ಪಿಬಿಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಸಾಮಾನ್ಯ ಎಬಿಎಸ್ ಪ್ಲಾಸ್ಟಿಕ್ಕಿನಂತೆ ಬೆರಳಿನ ಜಿಡ್ಡಿಗೆ ಬೇಗ ಹೊಳಪೇರುವುದಿಲ್ಲ. ಅಕ್ಷರಗಳನ್ನು ಎರಡು ಬಣ್ಣದ ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿದ್ದು, ಹಾಗಾಗಿ ಅಳಿಸುವ ಮಾತೇ ಇಲ್ಲ. ವೈರ್ ಇಲ್ಲದೆಯೂ ನಡೆಯುತ್ತದೆ. ಸ್ವಿಚ್ಚುಗಳನ್ನು ಬೆಸುಗೆ ಬಿಚ್ಚದೆ ಇಕ್ಕಳದಿಂದ ಕಿತ್ತು ಬೇರೆ ಹಾಕಬಹುದು. ಇನ್ನೊಂದು: ಯಾವ ಬಟನ್ ಯಾವ ಕೆಲಸ ಮಾಡಬೇಕು ಎಂಬುದನ್ನು ಕೀಬೋರ್ಡಿಗೇ ಕಲಿಸಬಹುದು.

"ಅಂದ್ರ?"

"ಅಂದ್ರ ಅಕ್ಕಾರ, ನಿಮ್ಮ ಎಫ್ ಐತಲ್ಲ, ಅದನ್ನ ಸ್ಪೇಸ್ ಬಾರ್ ಬಾಜೂ ಇರೋ ಬಟನ್ನಿಗೂ ಕೊಡಬಹುದು. ಒತ್ತಕ್ಷರಕ್ಕ ಹೆಬ್ಬೆರಳು ಒತ್ತಿದ್ರಾತು. ತೋರುಬೆರಳಿಗೆ ಆರಾಮ."

ಅವರ ಮುಖ ಅರಳಿತು. ಇಪ್ಪತ್ತು ವರ್ಷದಲ್ಲಿ ಒಬ್ಬರೂ ಹೇಳದ ಮಾತು ಅದು.

ರಿಪೇರಿಯವರು ಮಾತ್ರ ತಲೆಯಲ್ಲಾಡಿಸಿದರು. "ತಮ್ಮಾ, ನೀ ಹೇಳಿದ್ದು ಖರೆ. ಆದ್ರ ಹನ್ನೊಂದು ಸಾವಿರದಾಗ ಟೈಪಿಂಗಿಗೆ ಬೇಕಾದದ್ದು ಮೂರು ಸಾವಿರದ್ದು. ಉಳಿದದ್ದು ಚಂದಕ್ಕ, ಹವ್ಯಾಸಕ್ಕ. ಹವ್ಯಾಸ ತಪ್ಪಲ್ಲ. ಆದ್ರ ಅಕ್ಕಾರಿಗೆ ಅದನ್ನ ಕೊಳ್ರಿ ಅಂತ ಹೇಳಾಕ ಬರಂಗಿಲ್ಲ."

ಈ ತೀರ್ಮಾನ ಸರಿಯಾದದ್ದು. ದುಬಾರಿ ಕೀಬೋರ್ಡ್ ಎಂದಾಗ ಜನರ ಕಣ್ಣಿಗೆ ಬರುವುದು ಬಣ್ಣದ ದೀಪ, ಲೋಹದ ಮೈ. ಬಾಳಿಕೆ ಇರುವುದು ಮಾತ್ರ ಸ್ವಿಚ್ಚಿನಲ್ಲಿ, ಮತ್ತು ಆ ಸ್ವಿಚ್ಚನ್ನು ಬದಲಿಸಬಹುದೇ ಎಂಬುದರಲ್ಲಿ.

ಹಿಂದೊಮ್ಮೆ ಬಹುತೇಕ ಕೀಬೋರ್ಡುಗಳು ದುಬಾರಿಯಾಗಿಯೇ ಇದ್ದವು. ಐಬಿಎಂ 1981ರಲ್ಲಿ ತನ್ನ ಪರ್ಸನಲ್ ಕಂಪ್ಯೂಟರ್ ತಂದಾಗ ಜೊತೆಗೆ ಕೊಟ್ಟ ಕೀಬೋರ್ಡು, 1985ರಿಂದ ತಯಾರಿಸಿದ ಮಾಡೆಲ್ ಎಂ, ಎರಡರಲ್ಲೂ ಪ್ರತಿ ಬಟನ್ನಿನಡಿ ಬಾಗಿ ಪುಟಿಯುವ ಸ್ಪ್ರಿಂಗ್ ಇತ್ತು. ಆ ಮಾಡೆಲ್ ಎಂ ಎರಡು ಕಿಲೋ ಮೀರಿ ತೂಗುತ್ತಿತ್ತು. ಅಂದಿನವು ಇಂದಿಗೂ ಬಳಕೆಯಲ್ಲಿವೆ, ಅಮೆರಿಕದ ಕೆಂಟಕಿಯಲ್ಲಿ ಯೂನಿಕಾಂಪ್ ಎಂಬ ಕಂಪನಿ ಅದೇ ಮಾದರಿಯನ್ನು ಈಗಲೂ ತಯಾರಿಸುತ್ತದೆ. ಕಂಪ್ಯೂಟರಿನ ಬೆಲೆ ಇಳಿಯುತ್ತ ಬಂದಂತೆ ಕಂಪನಿಗಳು ಕೀಬೋರ್ಡಿನ ಖರ್ಚಿಗೂ ಕತ್ತರಿ ಹಾಕಿದವು. ಹಾಳೆಯ ಕೀಬೋರ್ಡು ಮನೆಮನೆಗೆ ಬಂದದ್ದು ಹಾಗೆ.

ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚುಗಳೇ ಇವತ್ತಿನ ನೀಲಿ, ಕೆಂಪು, ಕಂದು ಸ್ವಿಚ್ಚುಗಳ ಮೂಲ. ಅದರ ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಮೊದಲಾದ ಚೀನಾ ತಯಾರಕರು ಅದೇ ಅಳತೆಯ ಸ್ವಿಚ್ಚುಗಳನ್ನು ಮಾಡತೊಡಗಿದರು. ಭಾರತದಲ್ಲಿ ಇಂದು 2,000 ರೂಪಾಯಿಯ ಆಸುಪಾಸಿಗೆ ಮೆಕ್ಯಾನಿಕಲ್ ಕೀಬೋರ್ಡ್ ಸಿಗುವುದಕ್ಕೆ ಇದೇ ಕಾರಣ. ಅಳತೆ ಒಂದೇ ಆದ್ದರಿಂದ ಒಂದು ಕಂಪನಿಯ ಕೀಬೋರ್ಡಿಗೆ ಇನ್ನೊಂದರ ಸ್ವಿಚ್ ಬಹುಮಟ್ಟಿಗೆ ಕೂರುತ್ತದೆ. ಬೆಲೆ ಇಳಿದದ್ದಕ್ಕಿಂತ ಈ ಹೊಂದಾಣಿಕೆಯೇ ದೊಡ್ಡ ಲಾಭ.

"ಜಪಾನಿನಾಗ ಒಂದು ಕೀಬೋರ್ಡ್ ಐತಿ," ಎಂದ ತರುಣ. "ಹ್ಯಾಪಿ ಹ್ಯಾಕಿಂಗ್ ಅಂತ. 1996ರಾಗ ಬಂದದ್ದು. ಅದರ ಹಿಂದ ಇದ್ದವರು ಪ್ರೊಫೆಸರ್ ವಾಡಾ ಅಂತ ಒಬ್ಬರು. ಅವರ ವಿಚಾರ ಏನಂದ್ರ, ಕಂಪ್ಯೂಟರ್ ಬದಲಾಗತಾವ, ಕೀಬೋರ್ಡ್ ಮಾತ್ರ ಸವಾರನ ಜೀನು ಇದ್ದಂಗ, ಕುದುರಿ ಹೋದ್ರೂ ಜೀನು ಅವನ ಕೂಡ ಇರಬೇಕು. ಅದರ ಭಾರೀ ಮಾದರಿಗೆ 300 ಡಾಲರ್ ಮೀರಿ ಐತ್ರಿ."

"ನಮ್ಮಪ್ಪ ಎತ್ತು ಮಾರಿದಾಗ ನೊಗ ಎಂದೂ ಕೊಟ್ಟಿರಲಿಲ್ಲ," ಎಂದರು ಹುಕ್ಕೇರಿಯವರು. "ಎತ್ತು ಹೋಗತಾವ, ಬರತಾವ. ನೊಗ ನಮ್ಮ ಹೆಗಲಿನ ಅಳತಿಗೆ ಮಾಡಿಸಿದ್ದು ಅಂತಿದ್ದ."

ರಿಪೇರಿಯವರು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು. "ಅಕ್ಕಾರ, ದಿನಕ್ಕ ಎಷ್ಟು ತಾಸು ಬಡೀತೀರಿ?"

"ನಡನಡುವ ಬಿಟ್ಟು ಮೂರು, ಮೂರೂವರೆ ತಾಸು."

ಮೂರೂವರೆ ತಾಸು ಎಂದರೆ ನುರಿತ ಕೈಗೆ ಸುಮಾರು 40,000 ಒತ್ತು. ವರ್ಷಕ್ಕೆ 300 ದಿನ ಹಿಡಿದರೆ 1 ಕೋಟಿ 20 ಲಕ್ಷ. ಅದರಲ್ಲಿ ಹತ್ತರಲ್ಲೊಂದು ಪಾಲು ಎಫ್ ಬಟನ್ನಿನದು ಎಂದುಕೊಂಡರೂ ವರ್ಷಕ್ಕೆ 12 ಲಕ್ಷ. ರಬ್ಬರ್ ಗುಮ್ಮಟದ ಕೀಬೋರ್ಡಿಗೆ ಕಂಪನಿಗಳು ಸಾಮಾನ್ಯವಾಗಿ ಹೇಳುವ ಆಯುಸ್ಸು ಬಟನ್ನಿಗೆ 50 ಲಕ್ಷದಿಂದ 1 ಕೋಟಿ ಒತ್ತು. ಮೆಕ್ಯಾನಿಕಲ್ ಸ್ವಿಚ್ಚಿಗೆ 5 ಕೋಟಿ, ಚೆರ್ರಿಯ ಕೆಲವು ಸ್ವಿಚ್ಚುಗಳಿಗೆ 10 ಕೋಟಿ.

"ಹಂಗಾರ ನನ್ನ ಎಫ್ ನಾಕು ವರ್ಷ ಬರಬೇಕಾಗಿತ್ತಲ್ರಿ? ಹತ್ತು ತಿಂಗಳಿಗೆ ಯಾಕ ಹೋತು?"

"ಅದ ನೋಡ್ರಿ ಮಾತು!" ರಿಪೇರಿಯವರು ಪೆನ್ನು ಕೆಳಗಿಟ್ಟರು. "ಕಂಪನಿ ಲೆಕ್ಕ ಹಾಕೋದು ಬೆರಳಿನ ಹೊಡ್ತ ಅಷ್ಟ. ನಾ ಮೂವತ್ತು ವರ್ಷದಾಗ ಒತ್ತಿ ಒತ್ತಿ ಸತ್ತ ಕೀಬೋರ್ಡ್ ಕಂಡದ್ದು ಭಾಳ ಕಡಿಮಿ. ಚಾ ಬಿದ್ದು ಹೋದವು, ವೈರ್ ಬುಡಕ್ಕ ಹರಿದು ಹೋದವು, ಇಲಿ ಕಡದವು, ಕಬ್ಬಿನ ಸೀಜನ್ನಿನಾಗ ಧೂಳಿ ಹೊಕ್ಕವು. ಮುದ್ದಾಂ ಕೇಳ್ರಿ, ಕೀಬೋರ್ಡ್ ಕೆಡೋದು ಹಿಂಗ."

ದುಡ್ಡು ಸುರಿದ ಮಾತ್ರಕ್ಕೆ ಧೂಳಿನಿಂದ ಪಾರಾಗಬಹುದು ಎಂದೇನೂ ಇಲ್ಲ. ಆಪಲ್ ಕಂಪನಿ 2015ರಿಂದ ತನ್ನ ಲ್ಯಾಪ್‌ಟಾಪುಗಳಲ್ಲಿ ಚಿಟ್ಟೆಯ ರೆಕ್ಕೆಯಂಥ ತೆಳು ರಚನೆಯ ಕೀಬೋರ್ಡ್ ಹಾಕಿತು. ಲಕ್ಷ ರೂಪಾಯಿಯ ಯಂತ್ರದಲ್ಲಿ ಒಂದು ಧೂಳಿನ ಕಣ ಸಿಕ್ಕರೆ ಅಕ್ಷರ ಎರಡೆರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. 2018ರಲ್ಲಿ ಕಂಪನಿ ಉಚಿತ ರಿಪೇರಿ ಘೋಷಿಸಿತು, 2019ರ ಕೊನೆಯಿಂದ ಹಳೆಯ ಬಗೆಯ ಕೀಬೋರ್ಡಿಗೆ ಮರಳತೊಡಗಿತು, 2022ರಲ್ಲಿ ಅಮೆರಿಕದ ಗ್ರಾಹಕರ ಮೊಕದ್ದಮೆಯಲ್ಲಿ 5 ಕೋಟಿ ಡಾಲರ್ ಕೊಡಲು ಒಪ್ಪಿತು. ಬೆಲೆ ಮತ್ತು ಬಾಳಿಕೆ ಒಂದೇ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

"ಇದಕ್ಕ ಚಾ ಚೆಲ್ಲಿದ್ರ?" ಹುಕ್ಕೇರಿಯವರು ತರುಣನ ಕೀಬೋರ್ಡ್ ತೋರಿಸಿದರು.

ಉತ್ತರ ಕೊಟ್ಟವರು ರಿಪೇರಿಯವರು. "ಇದೂ ಕೆಡತೈತ್ರಿ. ಆದ್ರ ಪೂರಾ ಸಾಯಂಗಿಲ್ಲ. ಲಗೂನ ವೈರ್ ಕಿತ್ತು, ಬೋರಲ ಹಾಕಿ, ನನ್ನ ಕಡೆ ತಂದ್ರ ಸ್ಪಿರಿಟ್ಟಿನಾಗ ತೊಳದು ಕೊಡತೀನಿ. ಎರಡು ಸ್ವಿಚ್ ಹೋಗಿದ್ರ ಎರಡ ಬದಲ ಮಾಡತೀನಿ. ನಮ್ಮಪ್ಪ ಗೋಕಾಕ ಮಿಲ್ಲಿನಾಗ ಫಿಟ್ಟರ್ ಇದ್ದ. ಒಂದು ಕದರು ಕೆಟ್ಟರ ಆ ಕದರು ಬಿಚ್ಚಿ ಬ್ಯಾರೆ ಹಾಕತಿದ್ರು. ಇಡೀ ಮಷೀನ್ ಹೊರಗ ಒಗದದ್ದು ಅವ ಕಂಡಿರಲಿಲ್ಲ."

ಘಟಪ್ರಭೆಯ ಧಬಧಬೆಯ ನೆತ್ತಿಯಲ್ಲಿ 1880ರ ದಶಕದಲ್ಲಿ ಶುರುವಾದ ನೂಲಿನ ಗಿರಣಿ ಅದು. ನೂರಾರು ಕುಟುಂಬಗಳಿಗೆ ಅನ್ನದ ಜೊತೆ ಯಂತ್ರದ ಕೈಚಳಕವನ್ನೂ ಕೊಟ್ಟಿತು. ಈ ಅಂಗಡಿಯ ಬೆಸುಗೆ ಕಡ್ಡಿ ಹಿಡಿದ ಕೈಗೆ ಅಲ್ಲಿನ ನೆಂಟಸ್ತಿಕೆ ಇದೆ.

ಅವರು ಬಗ್ಗಿ ಮೇಜಿನ ಕೆಳಗಿನಿಂದ ಇನ್ನೊಂದು ಕೀಬೋರ್ಡ್ ಎತ್ತಿ ಇಟ್ಟರು. ದೀಪವಿಲ್ಲ, ಲೋಹದ ಮೈ ಇಲ್ಲ. ದಪ್ಪ ಕಪ್ಪು ಪ್ಲಾಸ್ಟಿಕ್ಕು, ಉದ್ದನೆಯ ವೈರು. ಟಿವಿಎಸ್ ಗೋಲ್ಡ್. ಬ್ಯಾಂಕು, ಬಿಲ್ಲಿಂಗ್ ಕೌಂಟರುಗಳಲ್ಲಿ ಟಕಟಕ ಸದ್ದು ಕೇಳಿದವರಿಗೆಲ್ಲ ಪರಿಚಿತ ಕೀಬೋರ್ಡ್. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹೆಸರಾದ, ತುಮಕೂರಿನಲ್ಲಿ ಕಾರ್ಖಾನೆ ಇಟ್ಟುಕೊಂಡಿರುವ ಟಿವಿಎಸ್ ಎಲೆಕ್ಟ್ರಾನಿಕ್ಸಿನ ಮಾಲು. ಜಗತ್ತಿನ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಿದ್ದ ಚೆರ್ರಿಯ ನೀಲಿ ಸ್ವಿಚ್ಚನ್ನು ಹಲವು ವರ್ಷ ಈ ಕೀಬೋರ್ಡಿನಲ್ಲಿ ನಮ್ಮ ಗುಮಾಸ್ತರು ಹೆಸರೂ ಕೇಳದೆ ಒತ್ತಿದ್ದಾರೆ. ರೂಪಾಯಿಯ ಹೊಸ ಚಿಹ್ನೆಯನ್ನು ಕೇಂದ್ರ ಸರ್ಕಾರ 2010ರ ಜುಲೈನಲ್ಲಿ ಒಪ್ಪಿಕೊಂಡ ಬಳಿಕ ಅದನ್ನು ಬೇಗನೆ ಬಟನ್ನಿನ ಮೇಲೆ ತಂದದ್ದೂ ಇದೇ ಕಂಪನಿ. ಈಗಿನ ಬೆಲೆ ಎರಡೂವರೆ ಸಾವಿರದಿಂದ ಮೂರೂವರೆ ಸಾವಿರದ ನಡುವೆ ಏರಿಳಿಯುತ್ತದೆ.

"ಒಂದು ಬೆಲ್ಲದ ಅಂಗಡಿಯಾಗ ಹದಿನಾಕು ವರ್ಷ ಬಿಲ್ ಹೊಡದದ್ದು," ಎಂದರು ರಿಪೇರಿಯವರು. "ಬೆಲ್ಲದ ಕೈ, ಅಂಟಂಟು. ಇಷ್ಟು ವರ್ಷದಾಗ ಏಳು ಸ್ವಿಚ್ ಬದಲ ಮಾಡೀನಿ, ಒಮ್ಮೆ ವೈರು. ಅವರು ಹೊಸ ಕಂಪ್ಯೂಟರ್ ತಗೊಂಡಾಗ ಇದನ್ನ ನನಗ ಕೊಟ್ಟು ಹೋದ್ರು. ಇನ್ನೂ ಜೀವ ಐತಿ."

"ಸ್ವಿಚ್ ಎಲ್ಲಿ ಸಿಗತಾವ್ರಿ ಕಾಕಾ ನಿಮಗ?" ತರುಣ ಕೇಳಿದ.

ಅವರು ಖಾಲಿ ಕರದಂಟಿನ ಡಬ್ಬಿಯೊಂದನ್ನು ತೆರೆದರು. ಒಳಗೆ ನೀಲಿ, ಕೆಂಪು, ಕಂದು ಸ್ವಿಚ್ಚುಗಳು ಕಲೆತು ಬಿದ್ದಿದ್ದವು. "ಕೆಟ್ಟ ಬೋರ್ಡಿನ್ಯಾಗಿಂದ ಬಿಚ್ಚಿದ್ದು. ಇಲ್ಲಿ ಮುಗದ್ರ ಇನ್ನೊಂದು ದಾರಿ ಐತಿ. ಎಫ್ ಸ್ವಿಚ್ ಹೋದ್ರ ಸ್ಕ್ರೋಲ್ ಲಾಕಿನ ಸ್ವಿಚ್ ಬಿಚ್ಚಿ ಎಫ್ ಕೆಳಗ ಹಾಕತೀನಿ. ಖರೀದಿ ಪತ್ರ ಬರಿಯಾವರು ಸ್ಕ್ರೋಲ್ ಲಾಕ್ ಯಾವಾಗ ಒತ್ತತಾರ್ರಿ?"

ಹುಕ್ಕೇರಿಯವರು ಈಗ ತಮ್ಮ ಲೆಕ್ಕ ಶುರುಮಾಡಿದರು. ಹತ್ತು ತಿಂಗಳಿಗೊಂದು 450 ರೂಪಾಯಿಯ ಕೀಬೋರ್ಡ್ ಎಂದರೆ ತಿಂಗಳಿಗೆ 45 ರೂಪಾಯಿ. 3,000 ರೂಪಾಯಿಯದು ಹತ್ತು ವರ್ಷ ಬಂದರೆ, ನಡುವೆ 240 ರೂಪಾಯಿ ರಿಪೇರಿ ಹಿಡಿದರೂ, ತಿಂಗಳಿಗೆ 27 ರೂಪಾಯಿ. ಅರ್ಧಕ್ಕೆ ನಿಂತ ಪತ್ರ, ಬಸ್ ಚಾರ್ಜು, ಕಳೆದುಹೋದ ದಿನದ ಗಳಿಕೆ ಇದರ ಹೊರಗೆ.

"ಲೆಕ್ಕ ಬರತೈತಿ," ಎಂದರು. "ಆದ್ರ ನಾಕುನೂರೈವತ್ತು ಕೈಯಾಗ ಇರತಾವ. ಮೂರು ಸಾವಿರ ಒಮ್ಮಿಗೇ ಇರಂಗಿಲ್ಲ. ಜೂನ್ ತಿಂಗಳಾಗ ಮಕ್ಕಳ ಫೀ, ಮುಂದ ಹಬ್ಬ. ನಮ್ಮಂಥವರು ತುಟ್ಟೀದು ಕೊಳ್ಳೂದು ಅದಕ್ಕ, ಸೋವಿ ಅಂತ ಕಾಣತೈತಿ ನೋಡ್ರಿ."

ಯಾರೂ ಉತ್ತರಿಸಲಿಲ್ಲ. ಉತ್ತರವಿಲ್ಲದ ಮಾತೇನೂ ಅಲ್ಲ ಅದು, ಆದರೆ ಮೊದಲು ಒಪ್ಪಿಕೊಳ್ಳಬೇಕಾದ ಮಾತು.

ತೆರಿಗೆಯ ವಿಚಾರ ಬಂತು. ಕೀಬೋರ್ಡಿನ ಮೇಲೆ ಶೇ. 18 ಜಿಎಸ್‌ಟಿ. 3,000 ರೂಪಾಯಿಯಲ್ಲಿ 458 ರೂಪಾಯಿ ತೆರಿಗೆಯೇ. ನೋಂದಣಿ ಇರುವ ಕಂಪನಿ ಅದನ್ನು ತನ್ನ ಲೆಕ್ಕದಲ್ಲಿ ಹಿಂಪಡೆಯುತ್ತದೆ. ಹುಕ್ಕೇರಿಯ ಒಂಟಿ ಟೈಪಿಸ್ಟಿಗೆ ಆ ದಾರಿ ಇಲ್ಲ.

"ಅಂದ್ರ ನಾ ಈಗ ಕೊಳ್ಳೋ ಒಂದು ಕೀಬೋರ್ಡಿನ ರೊಕ್ಕ ಬರೇ ಟ್ಯಾಕ್ಸಿಗೆ ಹೋತು!"

"ರೊಕ್ಕ ಇದ್ರೂ ಇಲ್ಲಿ ಸಿಗಬೇಕಲ್ರಿ?" ತರುಣ ದನಿಗೂಡಿಸಿದ. "ಮೂಡಲಗ್ಯಾಗ ಕೇಳೀನಿ, ಗೋಕಾಕದಾಗ ಕೇಳೀನಿ. ಎಲ್ಲಾ ಕಡೆ ಮುನ್ನೂರೈವತ್ತು, ಐದನೂರರ ಮಾಲ. ಬೆಳಗಾವಿಗೆ ಹೋಗಬೇಕು, ಇಲ್ಲಾ ಆನ್‌ಲೈನ್."

"ನಾ ಯಾಕ ಇಡಂಗಿಲ್ಲ, ಕೇಳು," ಎಂದರು ರಿಪೇರಿಯವರು. "ಹತ್ತು ತಂದಿಟ್ರ ಮೂವತ್ತು ಸಾವಿರ ಕಪಾಟಿನಾಗ ಕುಂತಂಗ. ಬಂದವರು ಕೇಳೋದು ಕಡಿಮಿದು ಯಾವುದೈತಿ ಅಂತ. ಆನ್‌ಲೈನಿನಾಗ ಇವತ್ತೊಂದು ರೇಟ್, ನಾಳಿಗೊಂದು. ವಾರಂಟಿ ಐತಿ ಅಂತಾರ, ಆದ್ರ ಕೆಟ್ಟರ ಪಾರ್ಸೆಲ್ ಮಾಡಿ ಕಾಯಬೇಕು. ಅಷ್ಟು ದಿನ ಅಕ್ಕಾರು ಯಾತರಾಗ ಬಡೀಬೇಕು?"

ವೈರ್ ಇಲ್ಲದ ಕೀಬೋರ್ಡುಗಳಿಗೆ ಇನ್ನೊಂದು ಕಟ್ಟಳೆ ಇದೆ. 2012ರ ಕೇಂದ್ರ ಆದೇಶದ ಕಾಲದಿಂದ ಅವು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿವೆ. ಸುರಕ್ಷತೆಗೆ ಅದು ಬೇಕಾದದ್ದೇ. ಆದರೆ ಒಂದೊಂದು ಮಾದರಿಗೂ ಪರೀಕ್ಷೆ, ಕಾಗದಪತ್ರ ಎಂದಾಗ ಹೊರದೇಶದ ಸಣ್ಣ ತಯಾರಕರು ಈ ಮಾರುಕಟ್ಟೆಗೆ ಬರಲು ಹಿಂಜರಿಯುತ್ತಾರೆ. ಖರೀದಿ ಪತ್ರದ ಕೆಲಸಕ್ಕೆ ವೈರ್ ಇರುವುದೇ ಸಾಕು, ಅದೇ ಮೇಲು: ಬ್ಯಾಟರಿ ಇಲ್ಲದ ವಸ್ತುವಿನಲ್ಲಿ ಕೆಡುವ ಭಾಗ ಒಂದು ಕಡಿಮೆ.

ಹುಕ್ಕೇರಿಯವರು ಏನೋ ನೆನಪಾದವರಂತೆ ತಲೆಯೆತ್ತಿದರು. "ಕಾಕಾ, ನಮ್ಮ ಹುಕ್ಕೇರಿಗೆ ಲೈಟ್ ಕೊಡೋದು ಯಾರು ಹೇಳ್ರಿ?"

"ನಿಮ್ಮಲ್ಲಿ ಹೆಸ್ಕಾಂ ಅಲ್ಲ, ನಿಮ್ಮದ ಸಂಘ."

ಹೌದು. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಆ ತಾಲ್ಲೂಕಿನಲ್ಲಿ ಕರೆಂಟು ಹಂಚುತ್ತ ಬಂದಿದೆ. ಸಗಟಾಗಿ ವಿದ್ಯುತ್ ಕೊಂಡು ಹಳ್ಳಿಹಳ್ಳಿಗೆ ತಲುಪಿಸುವ ಇಂಥ ಸಹಕಾರ ಸಂಘ ಕರ್ನಾಟಕದಲ್ಲಿ ಇನ್ನೊಂದಿಲ್ಲ.

"ಕರೆಂಟ್ ಸಗಟ ತಂದು ಹಂಚಕೊಂಡವರು ನಾವು. ಕೀಬೋರ್ಡ್ ತರಾಕ ಬರಂಗಿಲ್ಲೇನು? ಸಬ್‌ರಿಜಿಸ್ಟ್ರಾರ್ ಆಫೀಸಿನ ಸುತ್ತ ನಾವ ಆರು ಮಂದಿ ಅದೀವಿ. ಸಂಕೇಶ್ವರದಾಗ ಬ್ಯಾರೆ. ನಿಮ್ಮಲ್ಲಿ ಎಷ್ಟು ಮಂದಿ? ಮೂಡಲಗ್ಯಾಗ ಎಷ್ಟು? ತಿಂಗಳಿಗೆ ಮುನ್ನೂರರಂಗ ಚೀಟಿ ಹಾಕಿದ್ರ ಹತ್ತು ತಿಂಗಳಿಗೆ ಎಲ್ಲಾರ ಕೈಗೂ ಒಂದೊಂದು ಬರತೈತಿ. ಒಮ್ಮೆ ಇಪ್ಪತ್ತು ತರಸಿದ್ರ ರೇಟೂ ಕಡಿಮಿ ಮಾಡತಾರ."

ತರುಣ ಫೋನು ತೆಗೆದು ಬರೆದುಕೊಳ್ಳತೊಡಗಿದ. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಅಲ್ಲಿಯೂ ಅರ್ಜಿ, ಕರಾರು ಟೈಪ್ ಮಾಡುವ ಅಂಗಡಿಗಳು ಹೆಚ್ಚಿವೆ; ಅವರನ್ನು ಕೇಳುವ ಕೆಲಸ ತನ್ನದು ಎಂದ. ಬಟನ್ನಿಗೆ ಹೆಬ್ಬೆರಳಿನ ಎಫ್ ಕಲಿಸುವುದನ್ನು, ಕೀಬೋರ್ಡ್ ಸಾದಾ ಆದರೂ, ಕಂಪ್ಯೂಟರಿನಲ್ಲೇ ಒಂದು ಪುಟ್ಟ ತಂತ್ರಾಂಶ ಹಾಕಿ ಮಾಡಿಕೊಡುತ್ತೇನೆ ಎಂದೂ ಹೇಳಿದ.

"ನನ್ನದೊಂದು ಮಾತು," ಎಂದರು ರಿಪೇರಿಯವರು. "ಇಪ್ಪತ್ತು ಕೀಬೋರ್ಡಿನ ಕೂಡ ಐವತ್ತು ಬಿಡಿ ಸ್ವಿಚ್ ತರಸ್ರಿ. ಡಬ್ಬಿ ನನ್ನ ಅಂಗಡ್ಯಾಗ ಇರಲಿ. ಸ್ವಿಚ್ಚಿನ ರೊಕ್ಕ ಅಷ್ಟ ಕೊಡ್ರಿ. ಚೀಟಿಯಾಗಿದ್ದವರಿಗೆ ಕೂಲಿ ಬ್ಯಾಡ."

ಅಲ್ಲಿಯವರೆಗೆ ಕೆಲಸ ನಿಲ್ಲಬಾರದಲ್ಲ. ಬೆಲ್ಲದಂಗಡಿಯ ಆ ಹಳೆಯ ಕೀಬೋರ್ಡನ್ನು ಅವರು ಮತ್ತೊಮ್ಮೆ ಒರೆಸಿ, ಸ್ಕ್ರೋಲ್ ಲಾಕಿನ ಸ್ವಿಚ್ ಬಿಚ್ಚಿ ಎಫ್‌ನ ಕೆಳಗೆ ಬೆಸೆದರು. ಹತ್ತು ನಿಮಿಷದ ಕೆಲಸ. ಅಂಗಡಿಯ ಕಂಪ್ಯೂಟರಿಗೆ ಜೋಡಿಸಿ, ನುಡಿ ತೆರೆದು, ಹುಕ್ಕೇರಿಯವರ ಮುಂದೆ ಸರಿಸಿದರು. ಅವರು 'ಖರೀದಿ ಪತ್ರ' ಎಂದು ಟೈಪ್ ಮಾಡಿ ಒತ್ತಕ್ಷರ ಸರಿಯಾಗಿ ಕೂತಿತೇ ಎಂದು ನೋಡಿದರು. ಕೂತಿತ್ತು. ಕಾಯಿಪಲ್ಲೆಯ ಚೀಲದಲ್ಲಿ ಹಿಡಿಯದಷ್ಟು ಉದ್ದ ಇದ್ದ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು.

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕನ್ನಡ ಟೈಪ್ ಮಾಡಿ ಹೊಟ್ಟೆ ಹೊರೆಯುವ ಎಲ್ಲರೂ ಮುಂದಿನ ಕೀಬೋರ್ಡ್ ಕೊಳ್ಳುವ ಮೊದಲು ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಬೇಕು: ಎಫ್ ಬಟನ್ ಒಂದೇ ಹೋದರೆ ಅದನ್ನಷ್ಟೇ ಬದಲಿಸಲು ಬರುತ್ತದೆಯೇ? ಅದರ ಬಿಡಿ ಸ್ವಿಚ್ ನಿಮ್ಮಲ್ಲಿ ಇದೆಯೇ?